ನಲವತ್ತೆರಡನೆಯದು

"ಚೆಂಡು ನನ್ನ ಕೈಯಲ್ಲೇ ಇದೆಯಾ?"

ಹಾರ್ಲನ್ ಪಿಕೆಟ್ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಎಸೆಯುವ ದಿಬ್ಬದ ಮೇಲೆ ನಿಂತು ತನ್ನ ಬಲಗೈಯನ್ನೇ ಪರರ ಕೈ ನೋಡುವಂತೆ ನೋಡುತ್ತಿದ್ದ. ಚೆಂಡು ಕೈಯಲ್ಲೇ ಇತ್ತು. ಆದರೆ ಬೆರಳುಗಳಿಗೆ ಅದು ಗೊತ್ತಾಗುತ್ತಿಲ್ಲವೆಂದು, ಅವನ ಎಸೆತಗಳನ್ನು ಹಿಡಿಯುವ ಕ್ಯಾಚರ್ ಕ್ಯಾಸ್ಪರ್‌ಗೆ ಹತ್ತಿರ ಬರುತ್ತಲೇ ಆ ಮಾತಿನಿಂದ ತಿಳಿಯಿತು.

ಮೈದಾನದಾಚೆ ಎದುರು ತಂಡದ ಲೊಯೆಲ್‌ನನ್ನು ಹಲಗೆಯ ಮೇಲೆ ಹೊತ್ತೊಯ್ಯುತ್ತಿದ್ದರು. ತಲೆಗಿದ್ದದ್ದು ಬರಿಯ ಬಟ್ಟೆಯ ಟೋಪಿ. ಹಾರ್ಲನ್‌ನ ಎಸೆತ ಅವನ ಕಿವಿಯ ಮೇಲ್ಗಡೆ ಬಡಿದಿತ್ತು. ಅವನ ಹೆಂಡತಿ ಕಳಚಿಬಿದ್ದ ಬೂಟೊಂದನ್ನು ಎದೆಗವಚಿಕೊಂಡು ಪಕ್ಕದಲ್ಲೇ ಓಡುತ್ತಿದ್ದಳು.

"ಏ ಅಜ್ಜಾ, ಇನ್ನೆಷ್ಟು ಜನಾನ ಮಲಗಿಸ್ತೀಯ?" ಗ್ಯಾಲರಿಯಿಂದ ಯಾರೋ ಕೂಗಿದರು.

ಎದುರಾಳಿಗೆ ಒಂದೂ ರನ್ ಬಿಡದೆ ಇಡೀ ಆಟವನ್ನು ಒಬ್ಬನೇ ಎಸೆದು ಮುಗಿಸಿದರೆ ಅದು ಶಟೌಟ್. ಓಹಾಯೋ ನದಿದಂಡೆಯ ಆ ಸಣ್ಣ ಬೇಸ್‌ಬಾಲ್ ಲೀಗಿನಲ್ಲಿ ಹಾರ್ಲನ್ ಇಪ್ಪತ್ತು ವರ್ಷಗಳಲ್ಲಿ ಅಂಥವು ನಲವತ್ತೊಂದನ್ನು ಎಸೆದು, ಎಂದೋ ಸತ್ತುಹೋದ ಒಬ್ಬನ ದಾಖಲೆಗೆ ಸರಿಸಮನಾಗಿ ನಿಂತಿದ್ದ. ಇಂದಿನ ಆಟದ ಒಂಬತ್ತನೆಯ, ಕೊನೆಯ ಇನಿಂಗ್ಸಿನಲ್ಲಿ ಇನ್ನೊಬ್ಬನನ್ನು ಔಟ್ ಮಾಡಿದರೆ ನಲವತ್ತೆರಡು. ಆ ಒಬ್ಬನಿಗಾಗಿ ಎಸೆಯಲು ಬೇರೆಯವನು ಬಂದರೆ ತಂಡವೇನೋ ಗೆದ್ದೀತು, ಶಟೌಟ್ ಅವನದಾಗದು. ಮುಂದಿನ ವರ್ಷ ಎನ್ನುವಂತಿಲ್ಲ. ಮೂವತ್ತೊಂಬತ್ತು ದಾಟಿದ ಅವನಿಗೆ ಇದೇ ಕೊನೆಯ ಆಟವೆಂದು ತಂಡದವರು ಹೇಳಿಯಾಗಿತ್ತು.

ಮ್ಯಾನೇಜರ್ ಬ್ರನ್ನರ್ ಬೆಂಚಿನಿಂದೆದ್ದು ಇತ್ತ ಹೊರಟ.

ಎಸೆಯುವವನನ್ನು ಅವನ ಕೈಯ ಬಗ್ಗೆ ಯಾರೂ ಕೇಳುವುದಿಲ್ಲ. ತೋಳು ಕಿತ್ತುಬಿದ್ದರೂ ಚೆನ್ನಾಗಿದೆ ಎನ್ನುವ ಜಾತಿ ಅದು. ಕೇಳುವುದು ಕ್ಯಾಚರನನ್ನು. ಅವನ ಮಾತೇ ಮಾತು. ಏಳನೆಯ ಇನಿಂಗ್ಸಿನಲ್ಲೂ ಬ್ರನ್ನರ್ ಕೇಳಿದ್ದ. ತಿರುಗಬೇಕಾದ ಎಸೆತಗಳು ನೆಟ್ಟಗೆ ಬರುತ್ತಿದ್ದುದು ಕ್ಯಾಸ್ಪರ್‌ಗೆ ಆಗಲೇ ಗೊತ್ತಿತ್ತು. ಆದರೂ "ಚೆನ್ನಾಗಿದೆ ಯಜಮಾನ್ರೇ" ಎಂದುಬಿಟ್ಟಿದ್ದ. ಆಲೂಗಡ್ಡೆ ಸುಲಿಯುತ್ತ ಅಜ್ಜಿ ಹೇಳುತ್ತಿದ್ದ ಬೈಬಲಿನ ಕೀರ್ತನೆಗಳನ್ನು ಈಗ ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದ. ಲಯ ಬಂತು, ಮಾತು ಬರಲಿಲ್ಲ. ಲೊಯೆಲ್‌ನನ್ನು ಹೊತ್ತೊಯ್ದ ಆ ಹಲಗೆಯ ಒಂದು ತುದಿ ತನ್ನ ಹೆಗಲ ಮೇಲೂ ಇದ್ದಂತಿತ್ತು.

"ಬೆವರಿಗೆ ಜಾರ್ತು ಅಂತ ಹೇಳು," ಹಾರ್ಲನ್ ಪಿಸುಗುಟ್ಟಿದ.

"ಬೆವರಲ್ಲ ಅಂತ ನಿಂಗೂ ಗೊತ್ತು."

"ಒಬ್ಬ ಕಣೋ ಉಳಿದಿರೋದು. ಮೂರೇ ಎಸೆತ. ನಿನ್ನ ಮದುವೆ ದಿನ ನಿಂಗೆ ಟೈ ಕಟ್ಟಿದ್ದು ಇದೇ ಕೈ, ನೆನಪಿದೆಯಾ?"

"ಆಗ ಅದಕ್ಕೆ ಜೀವ ಇತ್ತು."

"ಉಪದೇಶ ಮಾಡೋಕೆ ನೀನೇನು ಪಾದ್ರಿನಾ? ಹಿಡಿಯೋನು ನೀನು, ಹಿಡಿ."

"ಲೊಯೆಲ್‌ಗೆ ಬಿದ್ದ ಚೆಂಡನ್ನ ನಾನು ಹಿಡಿಯೋಕಾಗ್ಲಿಲ್ಲ, ಹಾರ್ಲನ್."

ಮುಂದಿನ ಆಟಗಾರ ಆಗಲೇ ಬಂದು ಬ್ಯಾಟಿನಿಂದ ಬೂಟಿನ ಮಣ್ಣು ಕೊಡವುತ್ತಿದ್ದ. ಅವನೂ ಅಂಥದೇ ಬಟ್ಟೆಯ ಟೋಪಿಯನ್ನು ಎರಡು ಸಲ ಸರಿಪಡಿಸಿಕೊಂಡ.

ಬ್ರನ್ನರ್ ದಿಬ್ಬ ಹತ್ತಿ, ಹೊಗೆಸೊಪ್ಪಿನ ರಸ ಉಗಿದ. ಹಾರ್ಲನ್‌ನ ಮುಖ ನೋಡಲಿಲ್ಲ.

"ಹೇಳಪ್ಪ ಕ್ಯಾಸ್ಪರ್. ಚೆಂಡು ಹೆಂಗ್ ಬರ್ತಿದೆ?"

ಹಾರ್ಲನ್ ಆ ಮರಗಟ್ಟಿದ ಬೆರಳುಗಳಿಂದಲೇ ಗೆಳೆಯನ ತೋಳು ಹಿಡಿದ. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಚೆನ್ನಾಗಿದೆ ಅಂದ್ಬಿಡೋ. ಇದೊಂದ್ಸಲ. ದಮ್ಮಯ್ಯ."

ಕ್ಯಾಸ್ಪರ್ ಮುಖಕ್ಕೆ ಕಟ್ಟಿದ್ದ ತಂತಿಯ ಜಾಲರಿಯನ್ನು ತೆಗೆದ.

"ಇಲ್ಲ ಹಾರ್ಲನ್. ನಾನು ಹಾಗನ್ನಲ್ಲ."