ಮಿಷನ್ನಿಗೆ ಒಂದು ಚೊಂಬು ನೀರು

"ಕಲ್ಲು ದಾಟ್‌ಬ್ಯಾಡ ಕಣೋ ಬೋಳಿಮಗನೆ, ಅಲ್ಲೇ ನಿಂತ್ಕ," ಅಂದರು ಲಿಂಗಪ್ಪಗೌಡರು. ಸಹಾಯಕ್ಕೆ ಅಂತ ಆಳು ಕಳಿಸಿ ಕರೆಸಿಕೊಂಡವರ ಮೊದಲ ಮಾತು ಅದು.

ವೆಂಕಟೇಶ ನಿಂತ. ಗುಡಿಯ ಅಂಗಳದ ಗಡಿಗೆ ನೆಟ್ಟ ಮೊಣಕಾಲುದ್ದದ ಕಲ್ಲು ಅದು. ಕೇರಿಯವರು ಅದರಿಂದಾಚೆ ಕಾಲಿಡುವ ಹಾಗಿಲ್ಲ. ಇಡಬಹುದು ಅಂತ ಶಾಲೆಯ ಗೋಡೆ ಮೇಲೆ ಸರ್ಕಾರದವರು ಬರೆಸಿದ್ದಾರೆ, ಬರೆಸಿರಲಿ ಪಾಪ.

ಬೆಳಗಿನ ಗಾಳಿಗೆ ಗುಡಿ ಮುಂದಿನ ನೇರಳೆ ಮರ ಬುಡ ಸಮೇತ ಕಿತ್ತುಬಂದು, ಹೆಂಚಿನ ಮಾಡಿಗೆ ಒರಗಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ಪೂಜೆಗೆಂದು ಒಳಗೆ ಹೋಗಿದ್ದ ಏಕಾಂತಯ್ಯನೋರು ಒಳಗೇ ಸಿಕ್ಕಿಕೊಂಡಿದ್ದರು. ಮೈಗೆ ಒಂದು ಗೀರೂ ಆಗಿರಲಿಲ್ಲ, ಆದರೆ ಆಚೆ ಬರಲು ದಾರಿ ಇರಲಿಲ್ಲ. ಕೊಡಲಿ ಹಾಕಿದರೆ ಗೋಡೆ ಅದುರಿ ಏಟಿಗೊಂದು ಹೆಂಚು ಒಳಗೆ ಉದುರುತ್ತಿತ್ತು. ಹೆತ್ತೂರಿನ ರಸ್ತೆಗೂ ನಾಲ್ಕು ಕಡೆ ಮರ ಬಿದ್ದು ಯಾವ ಗಾಡಿಯೂ ಬರುವಂತಿರಲಿಲ್ಲ. ಉಳಿದದ್ದು ಗೌಡರ ಎಸ್ಟೇಟಿನ ಮರ ಕೊಯ್ಯುವ ಮಿಷನ್ನು ಒಂದೇ. ಅದೋ, ಕೈಯಲ್ಲಿ ಹಿಡಿದಾಗ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು, ಮರಕ್ಕೆ ಇಟ್ಟರೆ ಬಿಕ್ಕಿ ಬಿಕ್ಕಿ ನಿಲ್ಲುತ್ತಿತ್ತು.

ಮಿಷನ್ನಿನ ರೋಗ ತಿಳಿದವನು ಆ ಸುತ್ತಿನಲ್ಲಿ ವೆಂಕಟೇಶ ಒಬ್ಬನೇ. ಹನ್ನೆರಡು ವರ್ಷ ಎಸ್ಟೇಟುಗಳಲ್ಲಿ ಸಿಲ್ವರ್ ಓಕ್ ಕೊಯ್ದವನು. ಗೌಡರ ಆಳು ಸಿದ್ದು ಮಿಷನ್ನನ್ನು ತಂದು ಕಲ್ಲಿನಾಚೆ ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ವೆಂಕಟೇಶ ಎತ್ತಿಕೊಂಡ.

ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಗಾಳಿ ಎಳೆಯುವ ಫಿಲ್ಟರ್ ತುಂಬ ಮರದ ಹುಡಿ ಮೆತ್ತಿಕೊಂಡು ಮಿಷನ್ನಿಗೆ ಉಸಿರೇ ಇರಲಿಲ್ಲ. ತೊಡೆಗೆ ಬಡಿದು, ಊದಿ, ಅಂಗಿಯ ತುದಿಯಲ್ಲಿ ಒರೆಸಿದ. ಮುಚ್ಚಳದ ಕೊಂಡಿ ಯಾವ ಕಾಲದಲ್ಲೋ ಮುರಿದುಹೋಗಿತ್ತು. ಸೈಕಲ್ ಟ್ಯೂಬಿನ ತುಂಡಿನಲ್ಲಿ ಬಿಗಿದು ಕಟ್ಟಿದ, ಆದರೂ ಬೆರಳು ಹೋಗುವಷ್ಟು ಸಂದಿ ಉಳಿಯಿತು. ಹಗ್ಗ ಎಳೆದು, ಆಚೆ ಬಿದ್ದಿದ್ದ ತೊಡೆಗಾತ್ರದ ಕೊಂಬೆಗೆ ಇಟ್ಟ. ಬೂದುಗುಂಬಳ ಕೊಯ್ದ ಹಾಗೆ ಕೊಯ್ಯಿತು.

ನಾನೇ ಬಂದು ಕೊಯ್ದುಕೊಡ್ತೀನಿ ಅಂದ. ರಿಪೇರಿ ಮಾಡಿದ್ದಾಯ್ತಲ್ಲ, ಮುಚ್ಕಂಡು ಅಲ್ಲೇ ಕೂತ್ಕ ಅಂದರು ಗೌಡರು.

ಗುಡಿಯ ಕಿಂಡಿಯಿಂದ ಏಕಾಂತಯ್ಯನೋರ ದನಿ ಬಂತು. "ಸಿದ್ದು, ಅವ್ನು ಮುಟ್ಟಿದ್ದ ಹಂಗೇ ತರ್‌ಬ್ಯಾಡ. ಒಂದು ಚೊಂಬು ನೀರು ಹುಯ್ದು ತಗಂಬಾ."

ಸಿದ್ದು ಹುಯ್ದ. ಮಿಷನ್ನು ಮಡಿಯಾಗಿ ಅಂಗಳ ದಾಟಿ, ನೇರಳೆಯ ಬೊಡ್ಡೆಯಲ್ಲಿ ಒಂದು ಬೆರಳು ಇಳಿದು ಉಸಿರು ಕಟ್ಟಿ ನಿಂತಿತು.

ಮತ್ತೆ ಕಲ್ಲಿನಾಚೆ ಬಂತು. ಎಂಥ ರಿಪೇರಿ ಮಾಡ್ದೆಯೋ ದರಿದ್ರ ನನ್ಮಗನೆ ಅಂತ ಗೌಡರು ಅಲ್ಲಿಂದಲೇ ಉಗಿದರು. ವೆಂಕಟೇಶ ಮುಚ್ಚಳ ಬಿಚ್ಚಿದ. ಫಿಲ್ಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಗು ಬಂತು, ನುಂಗಿಕೊಂಡ. ನೀರು ಹುಯ್ಯಬೇಡಿ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯವರೆಗೂ ಬಂತು. ಆಡಲಿಲ್ಲ.

ಯಾಕೆ ಆಡಬೇಕು ಹೇಳಿ. ನಾಲ್ಕು ವರ್ಷದ ಕೆಳಗೆ ಆಲಿಕಲ್ಲು ಬಡಿಯುತ್ತಿದ್ದಾಗ, ಕಾಫಿ ಕಣದಿಂದ ಬರುತ್ತಿದ್ದ ಅವನವ್ವ ಈರಮ್ಮ ತಲೆ ಉಳಿಸಿಕೊಳ್ಳಲು ಇದೇ ಗುಡಿಯ ಜಗಲಿ ಹತ್ತಿದ್ದಳು. ಏಕಾಂತಯ್ಯನೋರು ಅವಳನ್ನು ಕಲ್ಲಿನಾಚೆಗೆ ಅಟ್ಟಿ, ಜಗಲಿಗೆ ಹನ್ನೊಂದು ಕೊಡ ನೀರು ಹುಯ್ಯಿಸಿದರು. ಅಷ್ಟೂ ಹೊತ್ತು ಅವಳು ಆಲಿಕಲ್ಲಿನಲ್ಲೇ ಕೈ ಮುಗಿದು ನಿಂತು, ಒಂದೊಂದು ಕೊಡವನ್ನೂ ಗಟ್ಟಿಯಾಗಿ ಎಣಿಸಬೇಕಾಗಿತ್ತು. ಏಳನೇ ಕೊಡಕ್ಕೆ ಹುಬ್ಬು ಒಡೆದು ರಕ್ತ ಬಂತು. ಹನ್ನೊಂದರ ತನಕ ಎಣಿಸಿದಳು. ಅವ್ವನನ್ನು ಹುಡುಕಿಕೊಂಡು ಬಂದ ವೆಂಕಟೇಶ ಪಕ್ಕದಲ್ಲೇ ನಿಂತು ನೋಡಿದ್ದ, ಏನೂ ಮಾಡಿರಲಿಲ್ಲ.

ಫಿಲ್ಟರನ್ನು ಬಿಸಿಲಿಗಿಟ್ಟು ನಿಧಾನಕ್ಕೆ ಒಣಗಿಸಿದ. ಒಂದು ಬೀಡಿ ಸೇದಿದ. ಪ್ಲಗ್ ಬಿಚ್ಚಿ ನೋಡಿದ, ಸುಮ್ಮನೆ. ಚೈನಿನ ಹಲ್ಲುಗಳಿಗೆ ಒಂದೊಂದಾಗಿ ಅರ ಹಾಕಿದ. ಮಿಷನ್ನು ಮತ್ತೆ ಚೆನ್ನಾಗಿ ಕೂಗಿತು. ಕಿಂಡಿಯಿಂದ ಮತ್ತೆ ನೀರಿನ ಅಪ್ಪಣೆ ಆಯಿತು. ಬೊಡ್ಡೆಗೆ ಇಟ್ಟ ಕೂಡಲೇ ಮತ್ತೆ ನಿಂತಿತು.

ಹೀಗೆ ಮೂರು ಸಲ. ಹೊತ್ತು ನೆತ್ತಿಗೆ ಬಂತು. ಬೆಳಗಿನಿಂದ ಒಂದಕ್ಕೆ ಹೋಗದೆ ಏಕಾಂತಯ್ಯನೋರು ಒಳಗೆ ತೊಡೆ ಬಿಗಿಹಿಡಿದು ನಿಂತಿದ್ದರು, ದೇವರ ಮುಂದೆ ಹೋಗುವ ಹಾಗಿಲ್ಲವಲ್ಲ. ಅಷ್ಟರಲ್ಲಿ ಬೊಡ್ಡೆ ಗೇಣುದ್ದ ಕುಸಿದು, ಮಾಡಿನ ತೊಲೆಯೊಂದು ಚಟ್ಟನೆ ಸೀಳಿತು. ಅಯ್ಯನೋರು ಒಳಗಿಂದ ಕಿರುಚಿಕೊಂಡರು. ಅವನನ್ನೇ ಬಿಟ್ಟುಬಿಡಿ ಗೌಡ್ರೇ, ಅವನೇ ಬಂದು ಕುಯ್ಲಿ ಅಂತ ಗೋಗರೆದರು.

ಗೌಡರು ಇವನ ಮುಖ ನೋಡದೆ ಕೈ ಬೀಸಿ ಕರೆದರು.

"ಅಯ್ಯನೋರೇ ಹೆಸ್ರು ಹಿಡಿದು ಕರೀಲಿ," ಅಂದ ವೆಂಕಟೇಶ. "ನೀರು ಹುಯ್ಯಾಕಿಲ್ಲ ಅಂತಾನೂ ಅನ್ಲಿ."

ಕಿಂಡಿಯಿಂದ ದನಿ ಬಂತು. "ಬಾರಪ್ಪ ವೆಂಕಟೇಶ. ಮಿಷನ್ನಿಗೆ ನೀರು ಬ್ಯಾಡ, ಹಂಗೇ ತಗಂಬಾ."

ವೆಂಕಟೇಶ ಫಿಲ್ಟರ್ ಒಣಗಿಸಿ ಕೂರಿಸಿ, ಕಲ್ಲು ದಾಟಿದ. ಅಂಗಳದಲ್ಲಿ ನಡೆದು, ಅವ್ವನನ್ನು ಅಟ್ಟಿದ್ದ ಜಗಲಿ ಹತ್ತಿ, ಬೊಡ್ಡೆಗೆ ಮಿಷನ್ನು ಇಟ್ಟ. ಅದು ಒಂದು ಸಲವೂ ತಡವರಿಸಲಿಲ್ಲ. ಹುಡಿ ಹಾರಿ ಗೌಡರ ಬಿಳಿ ಪಂಚೆಗೆಲ್ಲ ಮೆತ್ತಿತು. ಅರ್ಧ ಬೊಡ್ಡೆ ಕೊಯ್ದು ಒಂದು ತುಂಡು ಉರುಳಿದಾಗ ಬಾಗಿಲಲ್ಲಿ ಮೊರದಗಲ ಸಂದಿಯಾಯಿತು. ಅದರಲ್ಲಿ ಏಕಾಂತಯ್ಯನೋರ ಬೆವೆತ ಮುಖ ಕಂಡಿತು. ಇನ್ನೊಂದು ತುಂಡು ತೆಗೆದರೆ ಅವರು ಆಚೆ ಬರಬಹುದಿತ್ತು.

ಬೆವರು ಒರೆಸಲು ತಲೆ ಎತ್ತಿದ ವೆಂಕಟೇಶ ಸಿದ್ದುವನ್ನು ಕಂಡ. ಅವನು ಬಾವಿಯಿಂದ ಸೇದಿ ಸೇದಿ ಜಗಲಿಯ ಮೂಲೆಯಲ್ಲಿ ಕೊಡ ಜೋಡಿಸುತ್ತಿದ್ದ. ಆಗಲೇ ಆರು ತುಂಬಿದ್ದವು. ಸಿದ್ದು ಗೌಡರ ಕಡೆ ನೋಡಿ, ಆಮೇಲೆ ನೆಲ ನೋಡಿದ.

ವೆಂಕಟೇಶ ಮಿಷನ್ನು ಆರಿಸಿದ. "ಅಯ್ಯನೋರೇ, ನಾನೋದ್ ಮ್ಯಾಕೆ ಎಷ್ಟು ಕೊಡ?"

"ಅದು ಹಿಂದಿಂದ ಬಂದಿದ್ದು ಕಣಪ್ಪ," ಅಂದರು ಏಕಾಂತಯ್ಯನೋರು ಸಂದಿಯಿಂದ, ಮಗುವನ್ನು ರಮಿಸುವ ದನಿಯಲ್ಲಿ. "ನಿಂಗ್ಯಾಕೆ ಅದೆಲ್ಲ? ಮೊದ್ಲು ಕುಯ್ದು ಮುಗ್ಸು, ತಡ್ಯಕಾಗಕಿಲ್ಲ ನಂಗೆ."

ವೆಂಕಟೇಶನ ಮೈ ಉರಿದುಹೋಯಿತು. ಟ್ಯೂಬಿನ ಕಟ್ಟು ಬಿಚ್ಚಿ ಮುಚ್ಚಳ ತೆಗೆದ. ಫಿಲ್ಟರ್ ಕಿತ್ತು ಜೇಬಿಗೆ ಹಾಕಿಕೊಂಡ. ಮಿಷನ್ನನ್ನು ಬಾಗಿಲೆದುರು ಇಟ್ಟು, ಒಂದು ಕೊಡ ಎತ್ತಿ, ಅದರ ತೆರೆದ ಬಾಯಿಗೆ ಕೊನೆಯ ಹನಿಯವರೆಗೂ ಹುಯ್ದ.

"ಇದ್ನೂ ನಾನೇ ಮುಟ್ಟಿದ್ದಲ್ವರಾ," ಅಂದ. "ಬೆಳಗಿಂದ ಇದ್ರ ಉಸ್ರು ಕಟ್ಟಿದ್ದು ನಿಮ್ಮ ನೀರೇ ಕಣ್ರೀ. ಈಗ ಪೂರ್ತಿ ಮಡಿ ಆಯ್ತು. ಕುಯ್ಕಳಿ."

ಜಗಲಿ ಇಳಿದು ಅಂಗಳದ ನಡುವೆ ನಡೆದ. ಹಿಡೀರೋ ಅವನ್ನ ಅಂತ ಗೌಡರು ಅರಚಿದರು. ಹಿಡಿಯಬೇಕಾದರೆ ಮುಟ್ಟಬೇಕಿತ್ತು. ಅಂಗಳದಲ್ಲಿ ನೆರೆದಿದ್ದ ಊರಿನ ಆರೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಅಷ್ಟರಲ್ಲಿ ಅವನು ಕಲ್ಲು ದಾಟಿ ಕೇರಿಯ ಇಳಿಜಾರು ಹಿಡಿದಿದ್ದ.

ಸಿದ್ದು ಓಡಿ ಬಂದು ಹಗ್ಗ ಎಳೆದ. ಮಿಷನ್ನು ನೀರು ಕಕ್ಕಿತು. ಮತ್ತೆ ಎಳೆದ. ಸಂದಿಯಿಂದ ಅಯ್ಯನೋರ ಕೈಯೊಂದು ಆಚೆ ಬಂದು ಗಾಳಿಯಲ್ಲಿ ತಡಕಾಡುತ್ತಿತ್ತು, ಮಾಡಿನಿಂದ ಮತ್ತೊಂದು ಹೆಂಚು ಜಾರಿ ಒಳಗೆ ಬಿತ್ತು.