ಅರ್ಧ ಲೋಟ ಎಂಜಲು

"ಸ್ಟ್ರಾ ಹಾಕಿ ಜ್ಯೂಸ್ ಕುಡಿಯೋ ಕೆಲಸ ಇದು. ಇದನ್ನ ಮೆಕ್ಯಾನಿಕ್ ಕೆಲಸ ಅಂತಾರಾ?"

ಕಾರಿನಡಿ ಇಳಿದು ಕೆಲಸ ಮಾಡುವ ಗುಂಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ ಮೇಸ್ತ್ರಿ ಈ ಮಾತನ್ನು ಅಳಿಯನ ಮುಖ ನೋಡಿ ಹೇಳಲಿಲ್ಲ, ಅವನ ಬೂಟು ನೋಡಿ ಹೇಳಿದ. ಎಣ್ಣೆಯ ಕಲೆ ಒಂದೂ ಇಲ್ಲದ ಬೂಟು. ಅದನ್ನು ಕಂಡರೇ ಅವನಿಗೆ ಮೈ ಉರಿಯುತ್ತಿತ್ತು. ಅಳಿಯ ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಅದೇ ತೂತಿನಲ್ಲಿ ಸಣ್ಣ ಪೈಪು ಇಳಿಬಿಟ್ಟು ಪಂಪು ಹಾಕಿದ. ಬಿಸಿ ಎಂಜಿನ್ನಿನ ಕರಿ ಎಣ್ಣೆ ಗೊರಗೊರ ಎಂದು ಡಬ್ಬಿಗೆ ಏರಿತು. ಗುಂಡಿಗೆ ಇಳಿಯಬೇಕಿಲ್ಲ, ಅಡಿಯ ನಟ್ಟು ಬಿಚ್ಚಬೇಕಿಲ್ಲ, ಮೈಮೇಲೆ ಒಂದು ತೊಟ್ಟೂ ಬೀಳುವುದಿಲ್ಲ. ಇಂಥವರೂ ಮೆಕ್ಯಾನಿಕ್ಕುಗಳು.

"ತಳದಲ್ಲಿ ಏನೂ ಉಳಿಯಲ್ಲ ಮಾವ."

"ಉಳಿಯುತ್ತೆ. ಅರ್ಧ ಲೋಟ ಎಂಜಲು ಉಳಿಯುತ್ತೆ. ಅದರ ಮೇಲೇ ನೀನು ಹೊಸ ಎಣ್ಣೆ ಬಡಿಸ್ತೀಯ."

ಮಗಳು ಹೊರಗೆ ಬಂದಳು. ಗ್ಯಾರೇಜು ಈಗ ಅವಳ ಕೈಯಲ್ಲಿತ್ತು. "ದಿನಾ ಇದೇ ಗೋಳು. ಅಪ್ಪ, ನೀವೇ ಇಳಿದು ನಟ್ಟು ಬಿಚ್ಚಿ. ಅರ್ಧ ಲೋಟ ಬಂದ್ರೆ ಪಂಪು ವಾಪಸ್. ಬರದಿದ್ರೆ ಗುಂಡಿ ಮುಚ್ಚಿಸಿಬಿಡ್ತೀನಿ. ನಿಮ್ಮ ಮಂಡಿ ನೋವು ನನ್ನ ಕೈಲಿ ನೋಡೋಕಾಗಲ್ಲ." ಒಳಗೆ ಫೋನ್ ಬಡಿದುಕೊಂಡಿತು. ಅವಳು ಹೋದಳು.

ಗುಂಡಿ ಮುಚ್ಚಿದರೆ ಈ ಗ್ಯಾರೇಜಿನಲ್ಲಿ ತನ್ನದು ಅಂತ ಉಳಿಯುವುದು ಸ್ಟೂಲೊಂದೇ ಎಂದು ಮೇಸ್ತ್ರಿಗೆ ಗೊತ್ತಿತ್ತು. ಸ್ಟೀಲ್ ಲೋಟ ಹಿಡಿದು, ಹಲ್ಲು ಕಚ್ಚಿಕೊಂಡು ಇಳಿದ. ನಟ್ಟು ಬಿಚ್ಚಿ ಲೋಟ ಒಡ್ಡಿದ. ನಾಲ್ಕು ತೊಟ್ಟು ಬಿತ್ತು. ಇನ್ನೊಂದು ತೊಟ್ಟು ತೂತಿನ ಅಂಚಿಗೆ ಬಂದು ಅಲ್ಲೇ ನೇತಾಡಿತು. ದರಿದ್ರ ಪಂಪು ತಳ ನೆಕ್ಕಿಬಿಟ್ಟಿತ್ತು.

ಗುಂಡಿಯ ಮೂಲೆಯಲ್ಲಿ ನಿನ್ನೆ ಇಳಿಸಿದ ಹಳೆ ಎಣ್ಣೆಯ ಡಬ್ಬವಿತ್ತು. ಹಿಂದೆ ಮುಂದೆ ನೋಡದೆ ಅದರಿಂದ ಅರ್ಧ ಲೋಟ ಬಗ್ಗಿಸಿಕೊಂಡ.

"ತಗೋ, ನಿನ್ನ ಮಷಿನ್ನಿನ ಎಂಜಲು."

ಅಳಿಯ ಬಗ್ಗಿ ಲೋಟ ಇಸಿದುಕೊಂಡ. ಅವನ ಬೆರಳುಗಳು ಒಂದು ಕ್ಷಣ ತಡವರಿಸಿದವು. ಆಗ ಮೇಸ್ತ್ರಿಗೂ ಹೊಳೆಯಿತು. ಲೋಟ ತಣ್ಣಗಿತ್ತು. ಎಂಜಿನ್ ಬಿಸಿಯಿರುವಾಗಲೇ ಎಣ್ಣೆ ಇಳಿಸಬೇಕು ಎಂದು ಇವನಿಗೆ ಬೈದು ಬೈದು ಕಲಿಸಿದವನು ತಾನೇ. ಥೂ, ಮೋಸ ಮಾಡುವುದಕ್ಕೂ ಬರಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಅಳಿಯ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಹುಷಾರಾಗಿ ಹತ್ತಿ ಮಾವ," ಎಂದಷ್ಟೇ ಅಂದ.

ಮಂಡಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಲೋಟ ಬಿಸಿ ಎಂಜಿನ್ನಿನ ಮೇಲೆ ಕೂತಿತ್ತು. ಅಳಿಯ ಆ ಕಡೆ ತಿರುಗಿ ಪಂಪಿನ ಪೈಪು ಸುತ್ತುತ್ತಿದ್ದ.

ಮಗಳು ಬಂದು ಲೋಟ ಎತ್ತಿಕೊಂಡಳು. "ಇನ್ನೂ ಬೆಚ್ಚಗಿದೆ," ಎಂದಳು. "ಅಪ್ಪ ಹೇಳಿದ್ದೇ ಸರಿ. ಪಂಪು ಪ್ಯಾಕ್ ಮಾಡ್ರಿ."

"ಮಾಡ್ತಾ ಇದೀನಿ," ಎಂದ ಅಳಿಯ.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿದ. ಎದುರಿಗೆ ಅದೇ ಬೂಟು. ಅದರ ತುದಿಯಲ್ಲಿ ಒಂದು ಕರಿ ತೊಟ್ಟು ಬಿದ್ದಿತ್ತು.