ಮೂರೂವರೆ ಸುತ್ತು

ಶವದ ಗಾಡಿ ಓಣಿಯ ಬಾಯಲ್ಲೇ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಘಾಟ್ಕೋಪರಿನ ಆ ಚಾಳಿನ ಮನೆಗಳಿಗೆ ಇದ್ದದ್ದು ಒಂದೇ ದಾರಿ. ಅದಕ್ಕೆ ಅಡ್ಡಲಾಗಿ ಗುರುಪಾದನ ಕಾರು ನಿಂತಿತ್ತು. ಹಳದಿ ಬಣ್ಣ, ಬಾಗಿಲ ತುಂಬ ಸ್ಟಿಕರು, ಹಿಂದೆ ಊಟದ ಮಣೆಯಷ್ಟು ಅಗಲದ ರೆಕ್ಕೆ. ಮುಲುಂಡಿನ ಟೈಲ್ಸ್ ವ್ಯಾಪಾರಿ ಅವನು, ಮನೆಯಲ್ಲಿ ಇನ್ನೂ ಮೂರು ಕಾರುಗಳಿದ್ದವು. ಸಾವಿನ ಮನೆಗೆ ಬರಲು ಅವನಿಗೆ ಇದೇ ಬೇಕಾಗಿತ್ತು.

ಸತ್ತವನ ಮಗಳು ಶೈಲಾ ತಾನೇ ಹೊರಗೆ ಬಂದಳು. ಗುರುಪಾದ ನಳದ ಪಕ್ಕ ನಿಂತು, ಸಮಾಜ ಸಂಘದ ಕಾರ್ಯದರ್ಶಿ ನೀಲಕಂಠಪ್ಪನಿಗೆ ಆ ರೆಕ್ಕೆಯ ಉಪಯೋಗವನ್ನು ವಿವರಿಸುತ್ತಿದ್ದ. ಗಾಳಿ ಹೇಗೆ ಒತ್ತುತ್ತದೆ ಎನ್ನುವುದನ್ನು ಅಂಗೈ ಬಗ್ಗಿಸಿ ತೋರಿಸುತ್ತಿದ್ದ. ನೀಲಕಂಠಪ್ಪ, ಸ್ವಾಮಿಗಳ ಆಶೀರ್ವಚನ ಕೇಳುವ ಹಾಗೆ ತಲೆದೂಗುತ್ತಿದ್ದ.

“ಗಾಡಿ ತೆಗೀರಿ. ಅಪ್ಪನ್ನ ಒಯ್ಯಬೇಕು,” ಎಂದಳು ಶೈಲಾ.

“ಹಾಂ ಬೇಟಾ, ಎರಡು ಮಿನಿಟ್. ಇಂಜಿನ್ ಗರಂ ಆಗದೇ ಇದನ್ನ ಎಳೀಬಾರದು.”

ಅವನು ಕೂತು ಇಂಜಿನ್ ಗರಂ ಮಾಡಿದ. ಆ ಸದ್ದಿಗೆ ಒಳಗೆ ಅಳುತ್ತಿದ್ದ ಹೆಂಗಸರು ಒಮ್ಮೆಲೇ ಸುಮ್ಮನಾದರು. ಗೋಡೆಗೆ ಒರಗಿಸಿ ಕೂಡಿಸಿದ್ದ ಮುರಿಗೆಪ್ಪನ ಶವದ ಪಕ್ಕದಲ್ಲಿ ಅವನ ಹೆಂಡತಿ ಕಾಶವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

ಮುರಿಗೆಪ್ಪ ಮುದ್ದೇಬಿಹಾಳದ ಕಡೆಯವನು. ಹದಿನೇಳಕ್ಕೆ ಮುಂಬಯಿಗೆ ಬಂದು, ನಲವತ್ತನಾಲ್ಕು ವರ್ಷ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದ. ಅದೂ ಗಾಡಿಯ ಒಂದೇ ಭಾಗದ ಮೇಲೆ. ಹಿಂದಿನ ಎರಡು ಗಾಲಿಗಳ ನಡುವೆ ಗಡಿಗೆಯಂತೆ ಜೋತುಬಿದ್ದಿರುತ್ತದಲ್ಲ, ಆ ಡಿಫರೆನ್ಶಿಯಲ್ ಮೇಲೆ. ಟೆಂಪೋ, ಟ್ರಕ್ಕು, ಹಳೇ ಟ್ಯಾಕ್ಸಿ, ಯಾವುದರ ಹಿಂಭಾಗ ಕೂಗಿದರೂ ಅವನ ಹತ್ತಿರ ತರುತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಆ ಗಡಿಗೆಗೆ ಊರಿ, ಕಣ್ಣು ಮುಚ್ಚಿ ಕೇಳಿ, ಒಳಗೆ ಸವೆದದ್ದು ಚಕ್ರದ ಹಲ್ಲೋ ಬೇರಿಂಗೋ ಹೇಳುತ್ತಿದ್ದ. ಮನೆಯಲ್ಲಿ ಅವನ ಮಾತನ್ನು ಯಾರೂ ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ. ನಿನ್ನೆ ಬೆಳಿಗ್ಗೆ ಚಹಾ ಕುಡಿದು ಗ್ಯಾರೇಜಿನ ಬೆಂಚಿಗೆ ಒರಗಿದವನು ಮತ್ತೆ ಏಳಲಿಲ್ಲ.

ಶೈಲಾ ಬಾಂದ್ರಾದ ಒಂದು ಆಫೀಸಿನಲ್ಲಿ ಹದಿನಾಲ್ಕು ಮಂದಿಯ ಮೇಲಿನ ಅಧಿಕಾರಿ. ಎರಡು ವರ್ಷದಿಂದ ಅವಳಿಗೆ ಅಪ್ಪನೆಂದರೆ ಒಂದು ತಾತ್ಸಾರವಿತ್ತು. ಅವನ ಕೆಲಸದ ಬಗ್ಗೆ ಅಲ್ಲ, ಅವನ ಮೌನದ ಬಗ್ಗೆ.

*

ಅದು ಎರಡು ವರ್ಷದ ಹಿಂದಿನ ಒಂದು ರವಿವಾರ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಶೈಲಾ ಗ್ಯಾರೇಜಿಗೆ ಹೋದಾಗ ಇದೇ ಹಳದಿ ಕಾರು ಜಾಕಿನ ಮೇಲೆ ನಿಂತಿತ್ತು. ಗುರುಪಾದನಿಗೆ ಐವತ್ತು ತುಂಬುವ ಹೊತ್ತಿಗೆ ಡ್ರಿಫ್ಟಿಂಗಿನ ಹುಚ್ಚು ಹತ್ತಿತ್ತು. ಕಾರನ್ನು ತಿರುವಿನಲ್ಲಿ ಬೇಕೆಂದೇ ಅಡ್ಡಡ್ಡ ಜಾರಿಸುತ್ತ, ಹೊಗೆ ಎಬ್ಬಿಸುತ್ತ ಓಡಿಸುವ ಆಟ. ಅದಕ್ಕೆಂದು ಹಿಂದಿನ ಗಾಲಿಗಳಿಂದ ಓಡುವ ಹಳೇ ಜಪಾನಿ ಕಾರೊಂದನ್ನು ಕೊಂಡು, ಇಂಜಿನ್ ಬದಲಿಸಿ, ಡಿಫರೆನ್ಶಿಯಲ್ ಮಾತ್ರ ಮುರಿಗೆಪ್ಪನಿಗೆ ಒಪ್ಪಿಸಿದ್ದ.

ಇಬ್ಬರ ನಡುವೆ ಅಂದು ನಡೆದದ್ದು ಒಂದೇ ಲೆಕ್ಕದ ಮಾತು. ಇಂಜಿನ್ನಿನ ಜೋರನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಶಾಫ್ಟ್ ಎಷ್ಟು ಸುತ್ತು ಹಾಕಿದರೆ ಹಿಂದಿನ ಗಾಲಿ ಒಂದು ಸುತ್ತು ಹಾಕಬೇಕು? ಕಾರಿನಲ್ಲಿ ಮೊದಲೇ ಇದ್ದದ್ದು ಮೂರೂವರೆ. ಅದೇ ಇರಲಿ, ಸ್ಪೀಡ್ ಹೆಚ್ಚು ಬರುತ್ತದೆ ಎಂದು ಗುರುಪಾದ. ನಾಲ್ಕರ ಮೇಲೆ ಸ್ವಲ್ಪ ಬೇಕು ಎಂದು ಮುರಿಗೆಪ್ಪ.

“ಸಾಹೇಬ್ರ, ಇದು ಓಡೂ ಆಟ ಅಲ್ಲ, ಜಾರೂ ಆಟ. ನೀವು ಆಡೂ ಮೈದಾನ ಎಷ್ಟರದು? ಎಲ್ಲಾ ತಿರುವೂ ಸೆಕೆಂಡ್ ಗೇರಿನ್ಯಾಗ ಮುಗೀಬೇಕು. ಮೂರೂವರಿ ಇದ್ರ ಸೆಕೆಂಡ್ ಭಾಳ ಉದ್ದ ಆಗತೈತಿ. ನಡು ತಿರುವಿನ್ಯಾಗ ಇಂಜಿನ್ ದಮ್ಮು ಬಿಡತೈತಿ, ಟೈರು ನೆಲ ಹಿಡೀತಾವು, ಗಾಡಿ ನೆಟ್ಟಗಾಗಿ ನಿಂತ್‌ಬಿಡತೈತಿ.”

ಗುರುಪಾದ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ನೀನು ಜೀವಮಾನವಿಡೀ ತರಕಾರಿ ಟೆಂಪೋ ರಿಪೇರಿ ಮಾಡಿದವನು, ಇದರ ಬಗ್ಗೆ ನಿನಗೇನು ಗೊತ್ತು ಎಂದ. ದುಬೈಯವನೊಬ್ಬನ ವಿಡಿಯೋ ನೋಡಿದ್ದೇನೆ ಎಂದ. ಹಲ್ಲು ಮುಟ್ಟಬೇಡ, ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ವೆಲ್ಡಿಂಗ್ ಮಾಡಿಕೊಡು, ಸಾಕು ಎಂದು ಹೇಳಿ ಹೋದ.

ಮುರಿಗೆಪ್ಪ “ಆತ್ರಿ” ಎಂದ. ಮೂರು ವಾರ ಕುರ್ಲಾದ ಗುಜರಿ ಅಂಗಡಿಗಳನ್ನು ಅಲೆದು ನಲವತ್ತೊಂದು ಹಲ್ಲಿನ ದೊಡ್ಡ ಚಕ್ರ, ಹತ್ತು ಹಲ್ಲಿನ ಪುಟ್ಟ ಪಿನಿಯನ್ನು ಇರುವ, ಅಂದರೆ ನಾಲ್ಕು ಪಾಯಿಂಟ್ ಒಂದರ, ಜೋಡಿಯೊಂದನ್ನು ಹುಡುಕಿದ. ಹಳೆಯದನ್ನು ಅಲ್ಲಿ ಕೊಟ್ಟು ಇದನ್ನು ತಂದ. ಜೊತೆಗಾರ ಶಂಕ್ರೆಪ್ಪ ಮತ್ತು ಅವನು ಸೇರಿ ಕೂರಿಸಿದರು. ಕೂರಿಸಿದ ದಿನ ಬ್ಯಾಟರಿ ಹಿಡಿದು ಬೆಳಕು ತೋರಿಸಿದವಳು ಶೈಲಾ.

“ಹಾಕಿದ್ದು ಹಾಕಿದಿ, ಬಾಯಿ ಬಿಟ್ಟು ಹೇಳಪ್ಪ ಅವನಿಗೆ,” ಎಂದಳು.

“ಹೇಳಿದ್ರ ತಗಸ್ತಾನ. ಗಾಡಿ ಏನು ಪಾಪ ಮಾಡೇತಿ?”

ಗುರುಪಾದನಿಗೆ ಗೊತ್ತಾದರೆ ಎಂದು ಕೇಳಿದಳು. ಗೊತ್ತಾಗುವುದಿಲ್ಲ ಎಂದ. ಈ ಹಲ್ಲಿಗೆ ಸ್ಪೀಡಿನ ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಖುಷಿ ಪಡುತ್ತಾನೆ, ಅಷ್ಟೇ.

ಹಾಗೆಯೇ ಆಯಿತು. ಆ ವರ್ಷ ಗುರುಪಾದ ಒಂದು ಕಪ್ಪು ಗೆದ್ದ. ಸಂಘದ ವಾಟ್ಸಾಪಿನಲ್ಲಿ ಫೋಟೋ ಬಂತು. ಅದರ ಕತ್ತರಿಸಿದ ಅಂಚಿನಲ್ಲಿ ಮುರಿಗೆಪ್ಪನದು ಒಂದು ಮೊಣಕೈ ಮಾತ್ರ ಉಳಿದಿತ್ತು. ಶೈಲಾ ಫೋಟೋ ಹಿಡಿದುಕೊಂಡು ಅಪ್ಪನ ಮೇಲೆ ಹರಿಹಾಯ್ದಳು. ನಿನ್ನ ಹೆಸರು ಸಹ ಹೇಳಲಿಲ್ಲವಲ್ಲ ಎಂದಳು.

“ಹೊಗಳಾವ್ರಿಗೂ ಒಂದು ಲಾಯಕಿ ಬೇಕವ್ವಾ,” ಎಂದು ಅವನು ಊಟಕ್ಕೆ ಕೂತ.

ಹೆದರುಪುಕ್ಕಲ ಮನುಷ್ಯ ಹೇಳಿಕೊಳ್ಳುವ ಸಮಾಧಾನ ಎಂದುಕೊಂಡಳು ಶೈಲಾ. ಅಂದಿನಿಂದ ಅವಳು ಗ್ಯಾರೇಜಿಗೆ ಹೋಗಲಿಲ್ಲ.

*

ಹೆಂಗಸರು ರುದ್ರಭೂಮಿಗೆ ಬರಬಾರದು ಎಂದು ನೀಲಕಂಠಪ್ಪ ಗೊಣಗಿದ. ಶೈಲಾ ಅವ್ವನ ಕೈ ಹಿಡಿದುಕೊಂಡು ಬಂದಳು. ಮಣ್ಣು ಕೊಟ್ಟದ್ದಾಯಿತು. ಬಿಲ್ವಪತ್ರೆ ಹಾಕಿದ್ದಾಯಿತು. ಆಮೇಲೆ ಬೇವಿನ ಮರದ ಕೆಳಗೆ ಸಂತಾಪ ಸಭೆ.

ನೀಲಕಂಠಪ್ಪ ಮುರಿಗೆಪ್ಪನನ್ನು ಸಮಾಜದ ಕಣ್ಮಣಿ ಎಂದ. ಬದುಕಿದ್ದಾಗ ಸಂಘದ ಮಹಡಿಯ ಮೇಲಿನ ಸಭೆಗಳಿಗೆ ಅವನನ್ನು ಒಮ್ಮೆಯೂ ಕರೆದಿರಲಿಲ್ಲ. ನಂತರ, ಮುರಿಗೆಪ್ಪನನ್ನು ಹತ್ತಿರದಿಂದ ಬಲ್ಲವರು ಎಂದು ಗುರುಪಾದನನ್ನು ಮುಂದೆ ಕರೆದ.

ಗುರುಪಾದ ಗಂಟಲು ಸರಿಮಾಡಿಕೊಂಡು ತನ್ನ ಕಪ್ಪಿನ ಕತೆಯನ್ನೇ ಹೇಳಿದ. ಮುರಿಗೆಪ್ಪ ಒಳ್ಳೇ ಮನುಷ್ಯ, ಆದರೆ ಹಳೇ ಕಾಲದ ತಲೆ. “ಪಾಪ, ನನ್ನ ಕಾರಿಗೆ ನಾಲ್ಕು ಪಾಯಿಂಟ್ ಒಂದು ಹಾಕ್ತೀನಿ ಅಂತ ಹಟ ಹಿಡಿದಿದ್ದ. ನಾನು ಆವತ್ತು ಅವನ ಮಾತು ಕೇಳಿದ್ರೆ ಗಾಡಿ ಬರ್ಬಾದ್. ಮೂರೂವರೆ ಇಡಿಸಿದೆ, ಗೆದ್ದೆ. ಕಲಿಸಿದ್ರೆ ಕಲೀತಿದ್ದ, ಅದು ಅವನ ದೊಡ್ಡ ಗುಣ.”

ನಾಲ್ಕಾರು ಮಂದಿ ತಲೆದೂಗಿದರು. ಗುರುಪಾದ ಅಲ್ಲಿಂದಲೇ ಶಂಕ್ರೆಪ್ಪನ ಕಡೆ ತಿರುಗಿ, ತಾನು ಜಾರುವ ಆಟಕ್ಕೆಂದೇ ಎರಡನೇ ಕಾರು ಕೊಂಡಿರುವುದಾಗಿಯೂ ಬರುವ ವಾರ ಅದಕ್ಕೂ ಮೂರೂವರೆಯನ್ನೇ ಕೂರಿಸಿಕೊಡಬೇಕೆಂದೂ ಹೇಳಿದ. ಶಂಕ್ರೆಪ್ಪ ಶೈಲಾಳ ಕಡೆ ನೋಡಿದ. ಅರವತ್ತರ ಮುದುಕ, ಗ್ಯಾರೇಜು ಈಗ ಅವನೊಬ್ಬನದೇ. ಮೂರೂವರೆ ಕೂರಿಸಿದರೆ ಗಾಡಿ ಜಾರುವುದಿಲ್ಲ, ಆಗ ಗುರುಪಾದ ಶಂಕ್ರೆಪ್ಪನ ಕೈ ಸರಿಯಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಆದರೂ ಶಂಕ್ರೆಪ್ಪ “ಆತ್ರಿ ಸಾಹೇಬ್ರ” ಎನ್ನಲು ಬಾಯಿ ತೆರೆದ. ಥೇಟ್ ಅಪ್ಪನ ರೀತಿ.

“ನಿಮ್ಮ ಗಾಡಿಯೊಳಗ ಇರೂದು ಮೂರೂವರಿ ಅಲ್ಲ,” ಎಂದಳು ಶೈಲಾ. “ನಲವತ್ತೊಂದಕ್ಕ ಹತ್ತು. ಅಪ್ಪ ಹಾಕಿದ್ದು. ಬ್ಯಾಟರಿ ಹಿಡಿದಾಕಿ ನಾನು.”

ಗುರುಪಾದ ನಕ್ಕ. ದುಃಖದಲ್ಲಿ ಮಾತಾಡುತ್ತಿದ್ದಾಳೆ, ಬಿಡಿ ಎಂದು ಉಳಿದವರಿಗೆ ಹೇಳಿದ. ಎರಡು ವರ್ಷ ಓಡಿಸಿದವನಿಗೆ ಗೊತ್ತಾಗದೇ ಇರುತ್ತದೆಯೇ ಎಂದ.

“ಗೊತ್ತಾಗಿಲ್ಲಲ್ಲ,” ಎಂದಳು ಅವಳು. “ಕಾಕಾ, ಜಾಕ್ ತಗೊಂಡ್ ಬರ್ರಿ.”

ಕಾರು ಗೇಟಿನ ಹೊರಗೇ ಇತ್ತು. ಶಂಕ್ರೆಪ್ಪ ಈ ಸಲ ತಡಮಾಡಲಿಲ್ಲ. ತನ್ನ ಟೆಂಪೋದಿಂದ ಜಾಕ್ ತಂದು ಹಿಂಭಾಗ ಎತ್ತಿ, ಕೆಳಗೆ ಕಲ್ಲು ಕೊಟ್ಟು, ಟೈರಿನ ಮೇಲೊಂದು ಶಾಫ್ಟಿನ ಮೇಲೊಂದು ಸುಣ್ಣದ ಗೆರೆ ಎಳೆದ. ತಾನೇ ಕೆಳಗೆ ಹೋಗಲು ಬಗ್ಗಿದವನನ್ನು ಶೈಲಾ ತಡೆದಳು.

“ಸಾಹೇಬ್ರು ಎಣಸ್ಲಿ. ನಾವು ಎಣಿಸಿದ್ರ ನಂಬೂದಿಲ್ಲ.”

ಅಷ್ಟು ಜನರ ಮುಂದೆ ಗುರುಪಾದನಿಗೆ ಆಗುವುದಿಲ್ಲ ಎನ್ನಲು ಬರಲಿಲ್ಲ. ಬಿಳಿ ಜುಬ್ಬಾದಲ್ಲಿ ನೆಲಕ್ಕೆ ಅಂಗಾತ ಮಲಗಿ, ಹೊಟ್ಟೆ ಎಳೆದುಕೊಂಡು, ತಾನು ಎಂದೂ ನೋಡದಿದ್ದ ತನ್ನ ಕಾರಿನ ಕೆಳಭಾಗಕ್ಕೆ ತೆವಳಿದ. ಅಪ್ಪನನ್ನು ಮಣ್ಣು ಮಾಡಿದ ಕೈಯಲ್ಲೇ ಶೈಲಾ ಟೈರು ಹಿಡಿದು ನಿಧಾನವಾಗಿ ತಿರುಗಿಸತೊಡಗಿದಳು. ವೆಲ್ಡಿಂಗ್ ಮಾಡಿದ ಡಿಫರೆನ್ಶಿಯಲ್, ಎರಡೂ ಗಾಲಿ ಒಟ್ಟಿಗೆ ತಿರುಗಿದವು.

“ಒಂದು,” ಎಂದ ಗುರುಪಾದ ಕೆಳಗಿನಿಂದ. “ಎರಡು.” ಸ್ವಲ್ಪ ಹೊತ್ತಿಗೆ, “ಮೂರು.”

ಟೈರಿನ ಗೆರೆ ಇನ್ನೂ ಸುತ್ತು ಮುಗಿಸಿರಲಿಲ್ಲ. ಅವಳು ತಿರುಗಿಸಿದಳು.

“ಎಷ್ಟಾತ್ರಿ?” ಎಂದು ಶಂಕ್ರೆಪ್ಪ ಕೇಳಿದ. ಆಗ ಕಷ್ಟಪಟ್ಟಂತೆ “ನಾಲ್ಕು” ಎಂದು ಬಂತು. ಟೈರಿನ ಗೆರೆ ಮೇಲಕ್ಕೆ ಬಂದು ನಿಲ್ಲುವಷ್ಟರಲ್ಲಿ ಶಾಫ್ಟು ನಾಲ್ಕನ್ನೂ ಬೆರಳಗಲದಷ್ಟು ದಾಟಿತ್ತು.

ಗುರುಪಾದ ತೆವಳಿ ಹೊರಬಂದ. ಮುಖ ಕೆಂಪಾಗಿತ್ತು. ಶೈಲಾ ಕಾದಳು. ಎರಡು ವರ್ಷದಿಂದ ಕಾದಿದ್ದಳು. ಅವನು ಮೊಣಕಾಲು ಜಾಡಿಸಿಕೊಂಡು, ಸುತ್ತ ನಿಂತವರನ್ನು ಒಮ್ಮೆ ನೋಡಿ, ಉಸಿರು ತಗೊಂಡ.

“ಕರೆಕ್ಟ್. ಈಗ ನೆನಪಾತು,” ಎಂದ. “ನಾನೇ ಅವನಿಗೆ ಹೇಳಿದ್ದೆ, ನಾಲ್ಕು ಪಾಯಿಂಟ್ ಒಂದು ಹಾಕು ಅಂತ. ಅವನೇ ಮೂರೂವರೆ ಅಂತಿದ್ದ. ನಾನು ಉಲ್ಟಾ ಹೇಳಿಬಿಟ್ಟೆ.”

“ಅದಕ್ಕೇ ಸಾಹೇಬ್ರು ಗೆದ್ದಿದ್ದು,” ಎಂದ ನೀಲಕಂಠಪ್ಪ.

ಶೈಲಾಳ ಬಾಯಿಗೆ ಮಾತು ಬಂದಿತ್ತು. ಅಪ್ಪ ಹೇಳಿದ ಆ ಲಾಯಕಿಯನ್ನು ಹುಡುಕುವವಳಂತೆ ಗುರುಪಾದನ ಮುಖವನ್ನು ಒಂದು ಗಳಿಗೆ ಪೂರಾ ನೋಡಿದಳು. ಆಮೇಲೆ, ಎರಡನೇ ಗಾಡಿಗೂ ನಲವತ್ತೊಂದಕ್ಕೆ ಹತ್ತೇ ಹಾಕ್ರಿ ಕಾಕಾ ಎಂದು ಶಂಕ್ರೆಪ್ಪನಿಗಷ್ಟೇ ಹೇಳಿ, ಅವ್ವನ ಕಡೆ ನಡೆದಳು.

ಗುರುಪಾದ ಬೇವಿನ ಮರದ ಕೆಳಗೆ ಒಬ್ಬೊಬ್ಬರಿಗೂ ಕೈಮುಗಿಯುತ್ತ, ಗೇರಿನ ಲೆಕ್ಕ ವಿವರಿಸುತ್ತ ಸಾಗಿದ. ಕಾರು ಸುರಿಸಿದ್ದ ಕರಿ ಎಣ್ಣೆ ಅವನ ಬಿಳಿ ಜುಬ್ಬಾದ ಬೆನ್ನಿಗೆ ಹೆಗಲಿನಿಂದ ಸೊಂಟದವರೆಗೆ ಮೆತ್ತಿಕೊಂಡು, ಬಿಸಿಲಿಗೆ ಮಿರುಗುತ್ತಿತ್ತು. ಎದುರಿನವರು ಅವನು ಹೇಳಿದ್ದಕ್ಕೆ ಹೌದು ಹೌದು ಎನ್ನುತ್ತಿದ್ದರು. ಅವನು ದಾಟಿ ಹೋದಮೇಲೆ ಎಲ್ಲರೂ ತಿರುಗಿ ಬೆನ್ನು ನೋಡುತ್ತಿದ್ದರು. ಯಾರೂ ಹೇಳಲಿಲ್ಲ.